ಡಿಸೆಂಬರ್‌ನಲ್ಲಿ ಬಾಳೆಹಣ್ಣು ಜಾಸ್ತಿ

ಸಿಸ್ಟರ್‌ಗಳು ನಡೆಸುವ ಒಂದು ಐಸಿಎಸ್‌ಇ ಶಾಲೆಯಲ್ಲಿ ನಾನು ಕನ್ನಡ ಟೀಚರ್. ಎಸ್‌ಯುಪಿಡಬ್ಲ್ಯು, ಅಂದರೆ ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿಸುವ ವಿಷಯ, ಮತ್ತು ಸಮುದಾಯ ಸೇವೆಯ ಉಸ್ತುವಾರಿಯೂ ನನ್ನ ತಲೆಗೇ ಬಂತು. ಇದಕ್ಕೆ ಬೋರ್ಡ್ ಪರೀಕ್ಷೆ ಇಲ್ಲ. ಶಾಲೆಯಲ್ಲೇ ಎ, ಬಿ, ಸಿ ಅಂತ ಗ್ರೇಡ್ ಕೊಡುತ್ತೇವೆ. ಆದರೆ 'ಇ' ಬಂದರೆ ಹತ್ತನೇ ಕ್ಲಾಸಿನ ಪಾಸ್ ಸರ್ಟಿಫಿಕೇಟ್ ಸಿಗುವುದಿಲ್ಲ. ಹಾಗಾಗಿ ಮಕ್ಕಳಿಗೆ ಸೇವೆ ಅಂದರೆ ಗಂಟೆ ಲೆಕ್ಕ, ನನಗೆ ಫೈಲ್ ಲೆಕ್ಕ.

ಮೊದಲ ವರ್ಷ ಕ್ರಿಸ್‌ಮಸ್‌ಗೆ ಮುಂಚೆ 60 ಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಂಡು ವೃದ್ಧಾಶ್ರಮಕ್ಕೆ ಹೋದೆ. ಕ್ಯಾರಲ್ ಹಾಡು, ಒಂದು ಡ್ಯಾನ್ಸ್, ಬ್ರೆಡ್ಡು, ಬಾಳೆಹಣ್ಣು, ಫೋಟೊ. ಹೊರಡುವಾಗ ಅಡುಗೆಯಮ್ಮ ನನ್ನನ್ನು ಒಳಗೆ ಕರೆದು ಮೂಲೆ ತೋರಿಸಿದರು. ಗೋಣಿಚೀಲದ ಮೇಲೆ ರಾಶಿ ಬಾಳೆಹಣ್ಣು. ಸಿಪ್ಪೆ ಕಪ್ಪಾಗಿ ನೊಣ ಮುತ್ತಿತ್ತು.

"ಈ ವಾರ ನಿಮ್ದು ನಾಲ್ಕನೇ ಸ್ಕೂಲು ಮೇಡಂ. ಜೂನ್‌ನಲ್ಲಿ ಒಬ್ರೂ ಬರಲ್ಲ. ಇಲ್ಲಿ ಅರ್ಧ ಜನಕ್ಕೆ ಶುಗರ್ ಬೇರೆ."

ಮುಖ ಎಲ್ಲಿಟ್ಟುಕೊಳ್ಳಲಿ? ಸೋಮವಾರ ಬರುವಷ್ಟರಲ್ಲಿ ನಮ್ಮ ಫೋಟೊ ನೋಟಿಸ್ ಬೋರ್ಡ್ ಮೇಲಿತ್ತು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಅದೇ ಮಾತಿದೆ. ಪ್ರಿನ್ಸಿಪಾಲ್ ಸಿಸ್ಟರ್‌ಗೆ ಹೋಗಿ ಎಲ್ಲ ಹೇಳಿದೆ. ಅವರು ಫೋಟೊ ತೆಗೆಸಿ, "ಹಾಗಾದ್ರೆ ಜೂನ್‌ನಲ್ಲಿ ಹೋಗಿ" ಅಂದರು.

ಈ ಸಲ ಮೊದಲು ಅಡುಗೆಯಮ್ಮನಿಗೆ ಫೋನ್ ಮಾಡಿ, ಏನು ಕೆಲಸ ಇದೆ ಅಂತ ಕೇಳಿದೆ. ಅಲ್ಲಿಯವರೆಗೆ ಇದು ನನಗೆ ಹೊಳೆದೇ ಇರಲಿಲ್ಲ ನೋಡಿ! ಅಕ್ಕಿಯಲ್ಲಿ ಕಲ್ಲು ಆರಿಸಬೇಕು. ಸೂಜಿಗೆ ದಾರ ಪೋಣಿಸಿಡಬೇಕು. ಮಗನ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಕೈ ಉಗುರು ತೆಗೆಯಬೇಕು. ವಯಸ್ಸಾದವರ ಉಗುರು ಕಲ್ಲಿನ ಹಾಗಿರುತ್ತದೆ, ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನೆಸದೆ ಕಟ್ಟರ್ ಇಡಬಾರದು. ಶುಗರ್ ಇದ್ದವರ ಕಾಲನ್ನಂತೂ ಮಕ್ಕಳು ಮುಟ್ಟುವ ಹಾಗೇ ಇಲ್ಲ, ಅದು ನರ್ಸ್ ಕೆಲಸ.

ಈಗ 8 ಮಕ್ಕಳು, ಎರಡು ವಾರಕ್ಕೊಂದು ಶನಿವಾರ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಓದಿ ಬಂದ ನಮ್ಮ ಗಣಿತದ ಸರ್‌ಗೆ ನನ್ನ ಟೈಮ್‌ಟೇಬಲ್ ನೋಡಿ ನಗು. "ನಮಗೆ ಇದಕ್ಕೆ ಪೀರಿಯಡ್ ಇರಲಿಲ್ಲ. ಬಡಿಸೋ ಸರದಿ ಬಂತಾ, ಬಡಿಸು. ಅಷ್ಟೇ" ಅಂದರು. ಅವರದ್ದು ಸರಿಯೇ. ಆದರೆ ಅದು ಅಲ್ಲೇ ಉಂಡು ಮಲಗುವ ಮಕ್ಕಳ ಮಾತು. ನಮ್ಮವರು ಮೂರೂವರೆಗೆ ವ್ಯಾನ್ ಹತ್ತುವವರು, ಅವರಿಗೆ ಪೀರಿಯಡ್ ಬೇಕೇ ಬೇಕು.

ಡೈರಿಯಲ್ಲಿ ಎಲ್ಲರೂ "ಹಿರಿಯರ ಸೇವೆ ಮಾಡಿದೆನು" ಅಂತ ಒಂದೇ ಸಾಲು ಬರೆಯುತ್ತಿದ್ದರು. ಯಾರಿಗೆ ಏನು ಮಾಡಿದಿರಿ ಅಷ್ಟನ್ನೇ ಬರೀರಿ ಅಂದೆ. ಒಬ್ಬ ಹುಡುಗ ಬರೆದಿದ್ದ: "ಅಜ್ಜ ಮಲಗಿದ್ದರು. ಕಾಯ್ತಾ ಕೂತೆ. ಏಳಲಿಲ್ಲ. ಬಂದೆ."

ಎರಡು ಗಂಟೆ ಅಂತ ಹಾಕಿ 'ಎ' ಕೊಟ್ಟೆ. ಮಾಡಿದ ಕೆಲಸದ ಕಾಲಂ ಖಾಲಿ ಇದೆ ಅಂತ ಆಫೀಸಿನಿಂದ ಫಾರಂ ವಾಪಸ್ ಬಂತು. 'ಕಾದದ್ದು' ಅಂತ ಬರೆದು ಕಳಿಸಿದೆ.