ರೊಟ್ಟಿ ಅಂಗಡಿಯ ಸಂಜೆ ಲೆಕ್ಕ ಯಾಕೆ ತಪ್ಪುತ್ತದೆ

ಹೊಸದಾಗಿ ರೊಟ್ಟಿ ಅಂಗಡಿ ಇಟ್ಟವರಿಗೆ ನಸುಕಿನಲ್ಲಿ ಏಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಖಾನಾವಳಿಯವರು ಹತ್ತು ಗಂಟೆಯೊಳಗೆ ನೂರು ರೊಟ್ಟಿ ಬೇಕೆಂದು ಹೇಳಿ ಹೋಗಿರುತ್ತಾರೆ, ಹಂಚು ಕಾಯಲೇಬೇಕು. ಹೀಗೆ ಯಾರಾದರೂ ಕೇಳುವ ಕೆಲಸ ತಾನಾಗಿ ನಡೆಯುತ್ತದೆ. ಸಂಜೆ ಗಲ್ಲಾ ಎಣಿಸಿ ಬರೆಯುವುದು, ಉದ್ರಿ ಕೊಟ್ಟಾಗಲೇ ದಾಖಲಿಸುವುದು, ಉಳಿದ ಹಿಟ್ಟು ತೂಗುವುದು, ಈ ಮೂರನ್ನು ಮಾತ್ರ ಯಾರೂ ಕೇಳುವುದಿಲ್ಲ. ಬಿಟ್ಟರೆ ಆ ದಿನ ಏನೂ ಆಗುವುದಿಲ್ಲ. ಹಾಗಾಗಿಯೇ ಮೊದಲು ಬಿದ್ದು ಹೋಗುವುದು ಇವೇ. ಇದನ್ನು ಸೋಮಾರಿತನ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಹದಿನಾಲ್ಕು ತಾಸು ಬೆಂಕಿಯ ಮುಂದೆ ಕೂತವರು ಸೋಮಾರಿಗಳಲ್ಲ. ಆ ಕೆಲಸವನ್ನು ಕಟ್ಟಿಹಾಕಲು ಅಂಗಡಿಯಲ್ಲಿ ಒಂದು ಗೂಟ ಇರಲಿಲ್ಲ, ಅಷ್ಟೆ.

ಗೂಟ ಅಂದರೆ ದಿನಾಲೂ ತಪ್ಪದೆ ನಡೆಯುವ ಇನ್ನೊಂದು ಕೆಲಸ. ‘ರಾತ್ರಿ ಒಂಬತ್ತಕ್ಕೆ ಲೆಕ್ಕ’ ಎಂದು ಗಡಿಯಾರಕ್ಕೆ ಕಟ್ಟಿದರೆ ನಮ್ಮ ಕಡೆ ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿಗಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಊಟದ ಹೊತ್ತಿನ ಗಿರಾಕಿಯ ವೇಳೆಯೇ ಬದಲಾಗುತ್ತದೆ, ಮಧ್ಯಾಹ್ನ ಬೀದಿ ಖಾಲಿ, ವ್ಯಾಪಾರ ಸಂಜೆಗೆ ಜಾರುತ್ತದೆ. ಗಡಿಯಾರಕ್ಕೆ ಕಟ್ಟಿದ ರೂಢಿ ಏಪ್ರಿಲ್ ಮೊದಲ ವಾರದಲ್ಲೇ ಕಿತ್ತು ಬರುತ್ತದೆ. ಅದರ ಬದಲು ಹೀಗೆ ಕಟ್ಟಿ: ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿದ ಕೂಡಲೇ ಹಿಟ್ಟಿನ ಡಬ್ಬಿ ತೂಕಕ್ಕೆ. ಶಟರ್ ಎಳೆಯುವ ಮೊದಲು ಗಲ್ಲಾ. ರೊಟ್ಟಿ ಕೈ ಬಿಡುವ ಮೊದಲು ಉದ್ರಿ. ಗ್ಯಾಸು ಬಂದ್ ಆಗದ, ಶಟರ್ ಬೀಳದ ದಿನ ಇಲ್ಲವಲ್ಲ.

ಎಲ್ಲರೂ ಮಾಡುವ ತಪ್ಪು ಲೆಕ್ಕವನ್ನು ಮನೆಗೆ ಒಯ್ಯುವುದು. ಉಂಡ ಮೇಲೆ ಮೈ ನೆಲ ಕೇಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ದಾರಿಯಲ್ಲಿ ಹಾಲಿಗೆ, ತರಕಾರಿಗೆ, ಹುಡುಗರ ನೋಟ್‌ಬುಕ್ಕಿಗೆ ಅಂತ ಅದೇ ರೊಕ್ಕ ಒಡೆದಿರುತ್ತದೆ. ಒಡೆದ ಮೇಲೆ ಎಣಿಸಿದ್ದು ಅಂಗಡಿಯ ಲೆಕ್ಕವಲ್ಲ. ಆದ್ದರಿಂದ ವಹಿ ಗಲ್ಲಾಪೆಟ್ಟಿಗೆಯ ಒಳಗೇ ಇರಬೇಕು, ಪೆನ್ನನ್ನು ದಾರ ಹಾಕಿ ಪೆಟ್ಟಿಗೆಗೇ ಕಟ್ಟಿರಬೇಕು. ಪೆನ್ನು ಹುಡುಕಬೇಕಾಗಿ ಬಂದ ದಿನ ‘ನಾಳಿ ಬರಿಯೂಣು’ ಎಂಬ ಮಾತು ಬಾಯಿಗೆ ಬರುತ್ತದೆ.

ಈಗ ಎಣಿಕೆಗೆ ಬರೋಣ. ಬಿಲ್ ಮಷಿನ್ ಇಲ್ಲದ ಅಂಗಡಿಯಲ್ಲಿ ಎಷ್ಟು ಮಾರಾಟವಾಯಿತೆಂದು ಗಲ್ಲಾ ಹೇಳುವುದಿಲ್ಲ, ರೊಟ್ಟಿ ಹೇಳುತ್ತದೆ. ಬಡಿದದ್ದು 420, ಉಳಿದದ್ದು 30, ಮುರಿದದ್ದು 10 ಇದ್ದರೆ ಮಾರಿದ್ದು 380. ಒಂದಕ್ಕೆ 10 ರೂಪಾಯಿ ಹಿಡಿದರೆ 3,800. ಅದರಲ್ಲಿ ಫೋನಿಗೆ ಬಂದದ್ದು 1,850, ಉದ್ರಿ 400. ಹಾಗಾದರೆ ಕೈಗೆ ಬಂದ ನಗದು 1,550 ಇರಬೇಕು. ಬೆಳಿಗ್ಗೆ ಚಿಲ್ಲರೆ ಅಂತ ಇಟ್ಟ 500 ಕೂಡಿಸಿ, ಹಳೇ ಉದ್ರಿಯಲ್ಲಿ ನಗದಾಗಿ ಬಂದ 300 ಕೂಡಿಸಿ, ಗಿರಣಿಗೆ ಕೊಟ್ಟ 150 ಮತ್ತು ಪಲ್ಲೆಗೆ ಕೊಟ್ಟ 220 ಕಳೆಯಿರಿ. ಪೆಟ್ಟಿಗೆಯಲ್ಲಿ 1,980 ಇರಬೇಕು. ಎಣಿಸಿದರೆ 1,940.

ಈ 40 ರೂಪಾಯಿಯ ಮುಂದೆ ಏನು ಮಾಡುತ್ತೀರಿ ಎನ್ನುವುದರ ಮೇಲೆ ರೂಢಿ ಉಳಿಯುವುದೋ ಸಾಯುವುದೋ ನಿಂತಿದೆ. ಬಹಳ ಮಂದಿ ಅರ್ಧ ತಾಸು ತಲೆ ಕೆರೆದುಕೊಂಡು ಹುಡುಕುತ್ತಾರೆ. ನಾಲ್ಕು ದಿನ ಹಾಗೆ ಹುಡುಕಿದ ಮೇಲೆ ಲೆಕ್ಕವೆಂದರೇ ಬೇಸರ. ಇನ್ನು ಕೆಲವರು ಕಿಸೆಯಿಂದ 40 ಹಾಕಿ ಸರಿ ಮಾಡಿಬಿಡುತ್ತಾರೆ. ಎರಡೂ ಬೇಡ. ‘40 ಕಡಿಮೆ’ ಎಂದು ಬರೆದು ಶಟರ್ ಎಳೆಯಿರಿ. ಒಂದು ದಿನದ 40 ಏನನ್ನೂ ಹೇಳುವುದಿಲ್ಲ. ಮೂರು ವಾರದ ಪಟ್ಟಿ ಮುಂದಿಟ್ಟುಕೊಂಡರೆ ಹೇಳುತ್ತದೆ: ಸಂತೆಯ ದಿನ ಮಾತ್ರ ಕಡಿಮೆ ಬೀಳುತ್ತಿದ್ದರೆ ಗದ್ದಲದಲ್ಲಿ ಚಿಲ್ಲರೆ ತಪ್ಪುತ್ತಿದೆ, ದಿನಾಲೂ ಇಪ್ಪತ್ತರ ಆಚೀಚೆ ಕಡಿಮೆ ಇದ್ದರೆ ಚಹಾದ ರೊಕ್ಕ ಬರೆಯುತ್ತಿಲ್ಲ, ಒಮ್ಮೊಮ್ಮೆ ನೂರು ಹೆಚ್ಚು ಬಂದರೆ ಬಂದ ಉದ್ರಿಯನ್ನು ಬರೆದುಕೊಂಡಿಲ್ಲ. ಕಿಸೆಯಿಂದ ತುಂಬಿದವರಿಗೆ ಈ ಗುರುತು ಎಂದೂ ಕಾಣುವುದಿಲ್ಲ.

ಫೋನಿನ ರೊಕ್ಕದಲ್ಲಿ ಬೇರೆ ಗೊಂದಲವಿದೆ. ಹಳೇ ಉದ್ರಿಯನ್ನು ಗಿರಾಕಿ ಫೋನ್ ಪೇ ಮಾಡಿದರೆ ಅದು ಇವತ್ತಿನ ಮಾರಾಟದಂತೆ ಕಾಣುತ್ತದೆ. ತಮ್ಮ ಕಳಿಸಿದ ಎರಡು ಸಾವಿರವೂ ಅದೇ ಖಾತೆಗೆ ಬಿದ್ದಿರುತ್ತದೆ. ಅಂಗಡಿಯ ಕ್ಯೂಆರ್ ಕೋಡ್‌ಗೆ ಒಂದು ಬ್ಯಾಂಕ್ ಖಾತೆ, ಮನೆಗೆ ಇನ್ನೊಂದು ಇರಲೇಬೇಕು. 2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಯಾವುದು ವ್ಯಾಪಾರದ್ದು, ಯಾವುದು ಕೈಸಾಲ ಎಂದು ಬಿಡಿಸಿ ತೋರಿಸಬೇಕಾಗಿ ಬಂತು. ದಿನದ ವಹಿ ಇದ್ದವರಿಗೆ ಅದು ಸುಲಭ. ಜಿಎಸ್‌ಟಿ ನೋಂದಣಿಯ ಮಿತಿ ಬರೀ ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯೂ ಇದ್ದರೆ 20 ಲಕ್ಷ. ಅಂಗಡಿಯಲ್ಲೇ ಕೂರಿಸಿ ಬಡಿಸಿದ ಊಟ ಸೇವೆ. ಆದ್ದರಿಂದ ವಹಿಯಲ್ಲಿ ರೊಟ್ಟಿಗೊಂದು, ಶೇಂಗಾ ಹಿಂಡಿಯಂಥ ಪುಡಿಗೊಂದು, ಊಟಕ್ಕೊಂದು ಕಾಲಂ ಮೊದಲ ದಿನದಿಂದಲೇ ಎಳೆದಿಡಿ. ವರ್ಷದ ಕೊನೆಗೆ ಬೇರ್ಪಡಿಸಲು ಆಗುವುದಿಲ್ಲ.

ಉದ್ರಿಯಲ್ಲಿ ಒಂದೇ ನಿಯಮ: ಮೊದಲು ಬರಹ, ಆಮೇಲೆ ಪೊಟ್ಟಣ. ‘ಬರ್ಕೋರಿ’ ಅಂತ ಗಿರಾಕಿಯೇ ಹೇಳುವಾಗ ಬರೆಯಲು ಸಂಕೋಚ ಬೇಡ. ಕೇಳುವ ದಿನವನ್ನೂ ಗೂಟಕ್ಕೆ ಕಟ್ಟಬೇಕು. ಪಗಾರದವರನ್ನು ತಿಂಗಳ ಮೊದಲ ವಾರ, ಕೂಲಿಯವರನ್ನು ವಾರದ ಬಟವಾಡೆ ಆದ ಸಂಜೆ ಕೇಳಿ. ಹದಿನೈದನೇ ತಾರೀಖಿಗೆ ಕೇಳಿದರೆ ರೊಕ್ಕವೂ ಇಲ್ಲ, ಮನಸ್ಸೂ ಕೆಡುತ್ತದೆ.

ಹಿಟ್ಟಿನ ತೂಕವನ್ನು ಹಲವರು ಅನವಶ್ಯಕ ಎಂದುಕೊಳ್ಳುತ್ತಾರೆ. ನನಗೆ ಅದು ಗಲ್ಲಾದಷ್ಟೇ ಮುಖ್ಯ. ಒಂದು ಕಿಲೋ ಹಿಟ್ಟಿಗೆ ಹದಿನೆಂಟು ರೊಟ್ಟಿ ಬರುವ ಅಂಗಡಿಯಲ್ಲಿ 420 ರೊಟ್ಟಿಗೆ ಇಪ್ಪತ್ಮೂರೂವರೆ ಕಿಲೋ ಸಾಕು. ಹೊಸ ಕೈ ಬಡಿಯಲು ಕೂತು ರೊಟ್ಟಿ ತುಸು ದಪ್ಪವಾಗಿ ಕಿಲೋಗೆ ಹದಿನಾರಕ್ಕೆ ಇಳಿದರೆ ಇಪ್ಪತ್ತಾರು ಕಿಲೋ ಮೀರುತ್ತದೆ. ಹೆಚ್ಚುಕಡಿಮೆ ಮೂರು ಕಿಲೋ ಹಿಟ್ಟು ದಿನಾಲೂ ಹೋಗುತ್ತದೆ, ಗಲ್ಲಾದಲ್ಲಿ ಅದರ ಸುಳಿವೇ ಇರುವುದಿಲ್ಲ. ಡಬ್ಬಿಯ ಮೇಲೆ ಬೀಸಿದ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆಯುವುದೂ ಇದೇ ಗೂಟಕ್ಕೆ ಸೇರಲಿ. ಜೋಳದ ಹಿಟ್ಟಿನಲ್ಲಿರುವ ಎಣ್ಣೆಯಂಶ ಬಿಸಿಲಿಗೆ ಬೇಗ ಕೆಟ್ಟು ಕಹಿ ಏರುತ್ತದೆ, ಹಳೇ ಹಿಟ್ಟಿಗೆ ಜಿಗಿ ಇರದೆ ಬಡಿಯುವಾಗ ಅಂಚು ಒಡೆಯುತ್ತದೆ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕಾಗುವಷ್ಟೇ ಬೀಸಿಸಿ. ಕರೆಂಟು ಹೋಗಿ ಗಿರಣಿ ನಿಂತರೆ ಕೆಲಸ ಕೆಡದಂತೆ ಒಂದು ದಿನದ ಹಿಟ್ಟು ಕೈಯಲ್ಲಿ ಹೆಚ್ಚಿಗಿರಲಿ.

ಇಷ್ಟೆಲ್ಲ ಒಂದೇ ವಾರದಲ್ಲಿ ಶುರು ಮಾಡಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ, ಒಂದು ಕೆಲಸ ಯೋಚಿಸದೆ ಆಗುವಷ್ಟು ರೂಢಿಯಾಗಲು ಎಷ್ಟು ದಿನ ಬೇಕೆಂದು ಅಳೆದರು. ಮಧ್ಯಮಾಂಕ 66 ದಿನ, ಆದರೆ ಅಂತರ 18ರಿಂದ 254 ದಿನಗಳವರೆಗೆ (12 ವಾರ ಮೀರಿದ್ದು ಲೆಕ್ಕ ಹಾಕಿದ ಅಂದಾಜು). ನೀರು ಕುಡಿಯುವಂಥ ಸರಳ ಕೆಲಸ ಬೇಗ ಕೂತಿತು, ವ್ಯಾಯಾಮ ತಡವಾಯಿತು. ‘21 ದಿನ ಮಾಡಿದರೆ ಸಾಕು’ ಎಂಬ ಮಾತು ನಂಬಿ ಇಪ್ಪತ್ತೆರಡನೇ ದಿನ ಕಷ್ಟವೆನಿಸಿದಾಗ ಕೈಬಿಟ್ಟ ಅಂಗಡಿಗಳು ಎಷ್ಟೋ. ಉದ್ರಿ ಬರೆಯುವುದು ಸರಳ, ಅದು ಮೊದಲು. ಅದು ಕೈಗೆ ಕೂತ ಮೇಲೆ ಗಲ್ಲಾ, ಕೊನೆಗೆ ತೂಕ. ಅದೇ ಅಧ್ಯಯನದಲ್ಲಿ ನಮಗೆ ಇನ್ನೂ ಬೇಕಾದ ಮಾತಿದೆ: ಒಂದು ದಿನ ತಪ್ಪಿದ್ದರಿಂದ ರೂಢಿ ಕೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ತಪ್ಪುವ ದಿನಗಳು ನಮ್ಮಲ್ಲಿ ಗೊತ್ತಿದ್ದವೇ. ಹೋಳಿಯಾದ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು, ಅದರ ಆಚೀಚೆ ಕಾಲಿಡಲು ಜಾಗವಿರದಷ್ಟು ಮಂದಿ. ಮದುವೆ ಸುಗ್ಗಿಯಲ್ಲಿ ಒಂದೇ ಮನೆಯಿಂದ ಸಾವಿರ ಕಡಕ್ ರೊಟ್ಟಿಯ ಆರ್ಡರ್. 2025ರ ಜೂನ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಕಲಬುರಗಿ ರೊಟ್ಟಿಯ ಹೆಸರು ಎತ್ತಿದಂಥ ಹೊತ್ತಿನಲ್ಲಿ ಹೊರಗಿನ ಬೇಡಿಕೆ ತಟ್ಟನೆ ಏರುವುದೂ ಉಂಟು. ಅಂಥ ದಿನಕ್ಕೆ ಪೂರ್ತಿ ಲೆಕ್ಕ ಬೇಡ, ಮೂರೇ ಅಂಕಿ ಸಾಕು: ಬಡಿದ ರೊಟ್ಟಿ, ಗಲ್ಲಾದ ನಗದು, ಕೊಟ್ಟ ಉದ್ರಿ. ಒಂದು ನಿಮಿಷದ ಕೆಲಸ. ಅದೂ ತಪ್ಪಿ ಮೂರು ದಿನ ಖಾಲಿ ಬಿದ್ದರೆ ನೆನಪಿನಿಂದ ತುಂಬಲು ಹೋಗಬೇಡಿ. ನೆನಪಿನ ಅಂಕಿ ಯಾವಾಗಲೂ ದುಂಡಗಿರುತ್ತದೆ, ಮುಂದಿನ ಲೆಕ್ಕವನ್ನೂ ಕೆಡಿಸುತ್ತದೆ. ಖಾಲಿ ಪುಟಕ್ಕೆ ಅಡ್ಡಗೆರೆ ಎಳೆಯಿರಿ, ಗಲ್ಲಾವನ್ನು ಹೊಸದಾಗಿ ಎಣಿಸಿ, ಅಲ್ಲಿಂದ ಮುಂದುವರಿಸಿ. ಉದ್ರಿ ಮಾತ್ರ ಗಿರಾಕಿಯನ್ನು ಕೇಳಿ ಬರೆದುಕೊಳ್ಳಿ, ಊರಿನ ಗಿರಾಕಿ ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ.

ಇಬ್ಬರಿದ್ದರೆ ಒಬ್ಬರು ಎಣಿಸಿ ಕೂಗಬೇಕು, ಇನ್ನೊಬ್ಬರು ಬರೆಯಬೇಕು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ವಾರದ ಸಭೆಯಲ್ಲಿ ಹೀಗೆ ಮಾಡಿ ಅಭ್ಯಾಸವಿರುತ್ತದೆ, ಅವರ ಅಂಗಡಿಗಳಲ್ಲಿ ವಹಿ ಬಿಳಿ ಬಿದ್ದದ್ದು ಕಡಿಮೆ. ಒಬ್ಬರೇ ಇದ್ದರೆ ನೋಟುಗಳನ್ನು ಐನೂರು, ಇನ್ನೂರು, ನೂರು ಅಂತ ಬೇರೆ ಬೇರೆ ಜೋಡಿಸಿ ಎರಡು ಸಲ ಎಣಿಸಿ. ನಾಳೆಯ ಚಿಲ್ಲರೆ 500ನ್ನು, ಹತ್ತು-ಇಪ್ಪತ್ತರ ನೋಟು ಮತ್ತು ನಾಣ್ಯದಲ್ಲೇ, ಆಗಲೇ ಬೇರೆ ಚೀಲಕ್ಕೆ ಹಾಕಿಡಿ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮಾಲೀಕರು ಹೊಲಕ್ಕೆ ಹೋದಾಗ ಅಂಗಡಿ ನೋಡುವವರು ಬೇರೆಯವರು ಇರಬಹುದು. ಅವರಿಗಾಗಿ ವಹಿಯ ರಟ್ಟಿನ ಒಳಮೈಗೆ ದಪ್ಪ ಅಕ್ಷರದಲ್ಲಿ ಬರೆದಿಡಿ: ಗ್ಯಾಸ್ ಬಂದ್, ಹಿಟ್ಟು ತೂಕ, ರೊಟ್ಟಿ ಎಣಿಕೆ, ಫೋನಿನ ಮೊತ್ತ, ಉದ್ರಿ, ಖರ್ಚು, ಗಲ್ಲಾ, ಹೆಚ್ಚು ಅಥವಾ ಕಡಿಮೆ, ಚಿಲ್ಲರೆ ಚೀಲ, ಶಟರ್.