ಕಡಪಾ ಕಲ್ಲಿನ ಮೇಲೆ ಆಡು–ಹುಲಿ

ಮುಂಬೈ, ಡೊಂಬಿವಲಿ ಕಡೆಯ ಎಷ್ಟೋ ಮನೆಗಳಲ್ಲಿ ಅಡುಗೆಕಟ್ಟೆಗೆ ಕಪ್ಪು ಕಡಪಾ ಕಲ್ಲು ಹಾಸಿರುತ್ತಾರೆ. ಸೀಮೆಸುಣ್ಣದ ಗೆರೆ ಅದರ ಮೇಲೆ ಎದ್ದು ಕಾಣುತ್ತದೆ, ಒದ್ದೆ ಬಟ್ಟೆಗೆ ಅಳಿಸಿಹೋಗುತ್ತದೆ. ಆಡು–ಹುಲಿ ಆಟಕ್ಕೆ ಬೇರೆ ಹಲಗೆ ಬೇಕಿಲ್ಲ. ಆಡಿಗೆ 15 ಕಡಲೆಕಾಳು, ಹುಲಿಗೆ 3 ಹುಣಸೆಬೀಜ ಸಾಕು. ನೆರೆಮನೆಯ ಮರಾಠಿ ಮಕ್ಕಳಿಗೆ ‘ವಾಘ್–ಬಕರಿ’ ಎಂದರೆ ಅರ್ಥವಾಗುತ್ತದೆ.

ಹಂಪಿಯಂಥ ಕಡೆ ಮಂಟಪದ ನೆಲಗಲ್ಲುಗಳಲ್ಲೇ ಆಟದ ಮನೆಗಳನ್ನು ಕೊರೆದದ್ದು ಕಾಣಸಿಗುತ್ತದೆ. ಹಾಗಂತ ಮಂಟಪದ ವಯಸ್ಸನ್ನೇ ಆಟದ ವಯಸ್ಸು ಎನ್ನಬಾರದು. ಗೆರೆಯನ್ನು ಯಾರು ಯಾವಾಗ ಬೇಕಾದರೂ ಕೊರೆದಿರಬಹುದು. ತಮಿಳಿನ ಆಡುಪುಲಿ ಆಟ್ಟಂ, ತೆಲುಗಿನ ಪುಲಿ–ಮೇಕ ಇದರ ಒಡಹುಟ್ಟುಗಳು. ನೇಪಾಳದ ಬಾಘ್‌ಚಾಲ್‌ನಲ್ಲಿ 25 ಮನೆ, 4 ಹುಲಿ, 20 ಆಡು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಬಾಘ್‌ಚಾಲ್ ಸಮವಾಗುತ್ತದೆಂದು ಕಂಪ್ಯೂಟರಿನಿಂದ ಸಾಧಿಸಿದ್ದಾರೆ. 3 ಹುಲಿಗೂ 15 ಆಡಿಗೂ ಎಲ್ಲಿಯ ಸಮ ಅನ್ನುವವರು ಇದನ್ನು ನೆನಪಿಡಬೇಕು.

ನಮ್ಮ ಆಟಕ್ಕೆ 23 ಮನೆ. ಪಾದ 24 ಸೆಂ.ಮೀ., ಎತ್ತರ 30 ಸೆಂ.ಮೀ. ಇರುವ ತ್ರಿಕೋನ ಎಳೆಯಿರಿ. ಪಾದವನ್ನು ಮೂರು ಸಮಪಾಲು ಮಾಡಿ, ತುದಿಯಿಂದ ಆ ಎರಡು ಚುಕ್ಕಿಗಳಿಗೂ ಗೆರೆ ಇಳಿಸಿ. ತುದಿಯಿಂದ 10, 16, 22 ಸೆಂ.ಮೀ. ಕೆಳಗೆ ಮೂರು ಅಡ್ಡಗೆರೆ. ಒಂದೊಂದೂ 30 ಸೆಂ.ಮೀ. ಉದ್ದ, ತ್ರಿಕೋನದಿಂದ ಎರಡೂ ಕಡೆ ಹೊರಚಾಚಿರಲಿ. ಅವುಗಳ ಕೊನೆಗಳನ್ನು ನೆಟ್ಟಗೆ ಕೂಡಿಸಿದರೆ ಆಯತ ಸಿದ್ಧ. ಗೆರೆ ಕೂಡಿದಲ್ಲೆಲ್ಲ ಮನೆ: ತುದಿಯಲ್ಲಿ 1, ಅಡ್ಡಗೆರೆಗಳಲ್ಲಿ ಆರಾರು, ಪಾದದಲ್ಲಿ 4. ಮೊದಲ ಅಡ್ಡಗೆರೆಯನ್ನು ತುದಿಗೆ ತೀರಾ ಹತ್ತಿರ ಎಳೆದರೆ ಕಾಳುಗಳು ಒಂದಕ್ಕೊಂದು ತಾಗಿ ಜಗಳವಾಗುತ್ತದೆ.

ಒಂದು ಹುಲಿ ತುದಿಯಲ್ಲಿ, ಎರಡು ಅದರ ಕೆಳಗಿನ ಅಡ್ಡಗೆರೆಯ ನಡುವಿನ ಮನೆಗಳಲ್ಲಿ. ಸರದಿಗೊಂದರಂತೆ ಆಡು ಇಡುವುದು; 15ನ್ನೂ ಇಟ್ಟು ಮುಗಿಯುವವರೆಗೆ ಯಾವ ಆಡೂ ಕದಲಕೂಡದು. ಹುಲಿ ಒಂದು ಮನೆ ನಡೆಯಬಹುದು, ಇಲ್ಲವೇ ಪಕ್ಕದ ಆಡನ್ನು ನೇರಗೆರೆಯಲ್ಲಿ ಹಾರಿ ಆಚೆಯ ಖಾಲಿ ಮನೆಗೆ ಇಳಿದು ತಿನ್ನಬಹುದು. ತಿನ್ನಲೇಬೇಕೆಂದು ಕಟ್ಟು ಹಾಕಬೇಡಿ. ಹಾಕಿದರೆ ಆಡಿನವರು ಬಲಿ ಕೊಟ್ಟು ಹುಲಿಯನ್ನು ಬೇಕಾದಲ್ಲಿಗೆ ಎಳೆದೊಯ್ಯುತ್ತಾರೆ. ಮೂರೂ ಹುಲಿ ಅಲ್ಲಾಡದಂತೆ ಕಟ್ಟಿದರೆ ಆಡಿಗೆ ಗೆಲುವು. 6 ಆಡು ತಿಂದರೆ ಹುಲಿಗೆ ಗೆಲುವು ಎಂದು ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಆಟ ಎಳೆಯುತ್ತಲೇ ಹೋಗುತ್ತದೆ.

ಹೊಸಬರು ಸೋಲುವುದು ಆಡನ್ನು ನಡುವೆ ಒಂಟಿಯಾಗಿ ಇಟ್ಟು. ಆಯತದ ನಾಲ್ಕು ಮೂಲೆ, ಪಾದದ ಎರಡು ಕೊನೆ: ಈ ಆರು ಮನೆಗಳ ಆಡನ್ನು ಯಾವ ಹುಲಿಯೂ ಹಾರಲಾರದು, ಆಚೆಗೆ ಗೆರೆಯೇ ಇಲ್ಲ. ಆದರೆ ಆರನ್ನೂ ತುಂಬಿಬಿಡುವುದು ದೊಡ್ಡ ತಪ್ಪು, ಏಕೆಂದರೆ ಹುಲಿಯನ್ನು ಕಟ್ಟಲು ಸುಲಭವಾದ ಜಾಗವೂ ಮೂಲೆಯೇ. ಆಯತದ ನಟ್ಟನಡುವಿನ ಹುಲಿಯನ್ನು ಕಟ್ಟಲು 8 ಆಡು ಬೇಕು, ಮೂಲೆಯದಕ್ಕೆ 4 ಸಾಕು. ಹಾಗಾಗಿ ಬಲಗಡೆಯ ಮೂರು ಮೂಲೆ ಮಾತ್ರ ಹಿಡಿಯಿರಿ. ಆಮೇಲೆ ಬಲ ಅಂಚಿನ ನಡುಮನೆಯೂ ಪಾದದಲ್ಲಿ ಬಲಕೊನೆಯ ಪಕ್ಕದ ಮನೆಯೂ ತಾವಾಗಿಯೇ ಭದ್ರ. ಅಲ್ಲಿಂದ ಒಂದರ ಬೆನ್ನಿಗೊಂದು ಆಡು ಇಡುತ್ತ ಎಡಕ್ಕೆ ಗೋಡೆಯಂತೆ ಸರಿಯಿರಿ.

ಎಡಗಡೆ ಬಿಟ್ಟದ್ದಕ್ಕೆ ಫಲ ಕೊನೆಯಲ್ಲಿ ಸಿಗುತ್ತದೆ. ಆಯತದ ಎಡಬದಿಯ ಎರಡು ಮೂಲೆಯಲ್ಲೂ ಪಾದದ ಎಡಕೊನೆಯಲ್ಲೂ ಹುಲಿಗಳು ಸಿಕ್ಕಿಬಿದ್ದರೆ, ಒಂದೇ ಆಡು ಎರಡು ಹುಲಿಗೂ ಅಡ್ಡ ನಿಲ್ಲುತ್ತದೆ. ಮೂರನ್ನೂ ಕಟ್ಟಲು ಒಟ್ಟು 8 ಆಡು ಸಾಕು. ಹುಲಿಯವರಿಗೂ ಇದು ಗೊತ್ತಿರಬೇಕು: ಹಸಿವಾಯಿತೆಂದು ಮೂಲೆಗೆ ಹಾರುವ ಮುಂಚೆ ವಾಪಸು ಬರುವ ಮನೆ ಖಾಲಿ ಇದೆಯೇ ನೋಡಿಕೊಳ್ಳಿ. ಒಂದಾಟ ಮುಗಿದ ಮೇಲೆ ಪಕ್ಷ ಅದಲುಬದಲು ಮಾಡಿ ಇನ್ನೊಂದು ಆಡಿ. ಇಬ್ಬರೂ ಒಂದೊಂದು ಗೆದ್ದಿದ್ದರೆ, ಹುಲಿಯಾಗಿ ಹೆಚ್ಚು ಆಡು ತಿಂದವರದೇ ಮೇಲುಗೈ.