ಬೂದಿ ಹಾಕಿ ಕೆಡಿಸಿದ ಮಲ್ಲಿಗೆ

16 ಜೂನ್ 2024, ಭಾನುವಾರ
ಮೈಸೂರು

ಮೃಗಶಿರಾ ಮಳೆ ಈಗ ಬರುತ್ತೆ, ಆಗ ಬರುತ್ತೆ ಅಂತ ಮೋಡ ನೋಡಿಕೊಂಡೇ ಬೆಳಗಿನ ಕಾಫಿ ಮುಗಿಯಿತು. ಲೋಟ ಕೆಳಗಿಟ್ಟು ಗೇಟಿನ ಪಕ್ಕದ ಮಲ್ಲಿಗೆ ಗಿಡದ ಹತ್ತಿರ ಕುಕ್ಕರುಗಾಲಲ್ಲಿ ಕೂತೆ. ಹಳೆ ಎಲೆ ಪರವಾಗಿಲ್ಲ. ಚಿಗುರೆಲ್ಲ ಹಳದಿ. ನರ ಮಾತ್ರ ಹಸಿರು, ಯಾರೋ ಸುಮ್ನೆ ಪೆನ್ನಿನಲ್ಲಿ ಗೆರೆ ಎಳೆದ ಹಾಗೆ. ಕಳೆದ ವಾರ ಇಷ್ಟೊಂದು ಇರಲಿಲ್ಲ.

ನರ್ಸರಿಯವರು 'ಮೈಸೂರು ಮಲ್ಲಿಗೆ' ಅಂತ ಹೇಳಿಯೇ ಕೊಟ್ಟಿದ್ದರು. ಮೈಸೂರಲ್ಲೇ ಬದುಕಲ್ಲ ಅಂದ್ರೆ ನನಗೆ ಅವಮಾನ ಅಲ್ವಾ?

ಕಳೆದ ವಾರ ನಾನು ಮಾಡಿದ ಉಪಚಾರ ಏನು ಅಂದರೆ ಬೂದಿ. ಬೀದಿ ಕೊನೆಯ ಸೌದೆ ಒಲೆ ಹೋಟೆಲಿನಲ್ಲಿ ಕೇಳಿ ಒಂದು ಡಬ್ಬ ತುಂಬಿಸಿಕೊಂಡು ಬಂದಿದ್ದೆ. ಎರಡು ಹಿಡಿ ಬುಡಕ್ಕೆ ಹಾಕಿ ನೀರು ಬಿಟ್ಟೆ. ಇದು ಅಜ್ಜಿಯಿಂದ ಕಲಿತದ್ದು. ಮಂಡ್ಯದ ಹತ್ತಿರ ನಮ್ಮೂರಿನ ಹಿತ್ತಿಲಲ್ಲಿ ಅಜ್ಜಿ ಬೆಳಗಾದರೆ ಒಲೆ ಬೂದಿ ಗೋರಿ ಮುರುಕು ಮೊರಕ್ಕೆ ಹಾಕಿಕೊಂಡು ಹೊರಗೆ ಬರುತ್ತಿದ್ದರು. ಕುಂಬಳದ ಬುಡಕ್ಕೊಂದು ಹಿಡಿ. ಅವರೆ ಹೂವಿಗೆ ಹೇನು ಕೂತಿದ್ದರೆ ಮೇಲಿಂದ ಒಂದಿಷ್ಟು ಉದುರಿಸುವುದು. ಆ ಕೆಲಸ ನನ್ನದು. ಇಬ್ಬನಿ ಆರುವ ಮುಂಚೆ ಹಾಕಬೇಕು, ಆಗಲೇ ಎಲೆಗೆ ಅಂಟುತ್ತದೆ. ನನ್ನ ಮೂಗು, ರೆಪ್ಪೆ ಎಲ್ಲ ಬೂದಿ.

ಇವತ್ತು ಬುಡ ಬಿಡಿಸಿ ನೋಡೋಣ ಅಂತ ಗುದ್ದಲಿ ಹಿಡಿದೆ. ಮೇಲಿನ ನಾಲ್ಕು ಬೆರಳು ನರ್ಸರಿಯ ಕೆಂಪು ಮಣ್ಣು. ಅದರ ಕೆಳಗೆ ಇಟ್ಟಿಗೆ ಚೂರು, ಬಿಳಿ ಗಾರೆ ಹೆಕ್ಕಳಿಕೆ, ತುಕ್ಕು ಹಿಡಿದ ಮೊಳೆ. ಮನೆ ಕಟ್ಟಿದಾಗ ಉಳಿದದ್ದನ್ನೆಲ್ಲ ಗೇಟಿನ ಪಕ್ಕ ತುಂಬಿ ಮುಚ್ಚಿದ್ದಾರೆ. ಅಡುಗೆಮನೆಯಿಂದ ವಿನೆಗರ್ ತಂದು ಒಂದು ಹಿಡಿ ಮಣ್ಣಿನ ಮೇಲೆ ಸುರಿದೆ. ಸುರ್ ಅಂತ ಸಣ್ಣ ನೊರೆ ಎದ್ದಿತು. ಕಿವಿ ಹತ್ತಿರ ತಂದರೆ ಸೋಡಾ ಬಾಟಲಿಯ ಸದ್ದು. ಸುಣ್ಣ ತುಂಬಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಅದಕ್ಕೇ ಮೊದಲು ಚಿಗುರು ಹಳದಿಯಾಗುವುದು. ಬೂದಿಯೂ ಸುಣ್ಣದ ಜಾತಿಯದೇ. ಉಪ್ಪು ಜಾಸ್ತಿಯಾದ ಸಾರಿಗೆ ಇನ್ನೊಂದು ಚಮಚ ಉಪ್ಪು ಹಾಕಿದ್ದೆ ನಾನು.

ಅಮ್ಮನಿಗೆ ಫೋನ್ ಮಾಡಿದೆ.

"ಅಯ್ಯೋ, ಬೂದಿ ಸುರಿದ್ಯಾ? ಅಜ್ಜಿ ಚೌಳು ಮೂಲೆಗೆ ಒಂದು ಹಿಡಿ ಬೂದಿ ಹಾಕಿದ್ದು ಯಾವತ್ತಾದ್ರೂ ನೋಡಿದೀಯಾ ನೀನು?"

ನೋಡಿಲ್ಲ. ನೋಡಿಲ್ಲ ಅನ್ನೋದೇ ಇವತ್ತಿನ ತನಕ ನೆನಪಾಗಿರಲಿಲ್ಲ.

ಹಿತ್ತಿಲು ದಾಟಿದರೆ ಇಳಿಜಾರು, ಆಮೇಲೆ ಗದ್ದೆ. ಆ ತಗ್ಗೇ ಚೌಳು ಮೂಲೆ, ಉಪ್ಪು ಹಿಡಿದ ನೆಲ; ಅಲ್ಲಿ ಬೇಸಿಗೆ ಬಂದರೆ ನೆಲದ ಮೇಲೆ ಬೆಳ್ಳಗೆ ಹಪ್ಪಳದಂಥ ಪದರ. ನಾವು ಮಕ್ಕಳು ಕಾಲ್ಬೆರಳಲ್ಲಿ ಒಡೆದು ಆಡುತ್ತಿದ್ದೆವು. ಗದ್ದೆಗೆ ಬರುತ್ತಿದ್ದದ್ದು ವಿಶ್ವೇಶ್ವರಯ್ಯ ನಾಲೆಯ ನೀರು (ಊರಿನ ಹಳಬರ ಬಾಯಲ್ಲಿ ಇನ್ನೂ ಇರ್ವಿನ್ ನಾಲೆ). ಕನ್ನಂಬಾಡಿ ನೀರು ಬಂದದ್ದರಿಂದ ಕಬ್ಬು, ಭತ್ತ ಎಲ್ಲ ಆಯಿತು, ಇಲ್ಲ ಅನ್ನಲ್ಲ. ಆದರೆ ವರ್ಷಗಟ್ಟಲೆ ನೀರು ನಿಂತು, ಬಸಿದು ಹೋಗಲು ದಾರಿ ಇಲ್ಲದ ಕಡೆ ಅಡಿಯ ನೀರು ಮೇಲೇರಿತು. ಬಿಸಿಲಿಗೆ ನೀರು ಆರಿತು, ಉಪ್ಪು ಉಳಿಯಿತು. ಹಿಂದೆ ಬಟ್ಟೆ ಒಗೆಯುವುದಕ್ಕೆ ಆ ಚೌಳು ಮಣ್ಣನ್ನೇ ಸೋಪಿನ ಥರ ಬಳಸುತ್ತಿದ್ದರಂತೆ. ಅಲ್ಲಿಗೆ ಅಜ್ಜಿ ಹಾಕುತ್ತಿದ್ದದ್ದು ಹೊಂಗೆ ಸೊಪ್ಪು, ಗಂಜಲ ನೆನೆದ ಹುಲ್ಲು. ಮಾವ ಆಮೇಲೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಚೌಳು ತಗ್ಗಲಿ ಅಂತ ಜಿಪ್ಸಂ ಹಾಕಿದರು, ಬಸಿಗಾಲುವೆ ತೆಗೆಸಿದರು.

ಒಂದೇ ಹಿತ್ತಿಲು, ಐವತ್ತು ಹೆಜ್ಜೆಗೆ ಎರಡು ಮಣ್ಣು. ಅಜ್ಜಿಯ ಕೈಲಿದ್ದ ಮೊರ ನೆನಪಿಟ್ಟುಕೊಂಡೆ, ಕಾಲು ಎಲ್ಲಿ ನಿಲ್ಲುತ್ತಿತ್ತು ಅನ್ನೋದನ್ನ ಬಿಟ್ಟೆ.

ಇಂಥದ್ದು ಮೊದಲನೆಯದೂ ಅಲ್ಲ. ನಂಜನಗೂಡಿನ ಕಡೆ ಚಿಕ್ಕಮ್ಮನ ಊರು ಕಪ್ಪು ಎರೆ ಭೂಮಿ. ಬೇಸಿಗೆ ರಜೆಯಲ್ಲಿ ಆ ಹೊಲದ ಬಿರುಕಿಗೆ ನನ್ನ ಎಂಟಾಣೆ ಬಿದ್ದು ಹೋಗಿತ್ತು. ಕಡ್ಡಿ ಹಾಕಿ ಕೆದಕಿದೆ, ಅತ್ತುಬಿಟ್ಟೆ, ಸಿಗಲಿಲ್ಲ. ಮಳೆ ಬಂದ ಮೇಲೆ ಅದೇ ಹೊಲ ಚಪ್ಪಲಿ ಹಿಡಿದುಕೊಂಡಿತು. ಅಷ್ಟು ಫಲವತ್ತಾದ ಮಣ್ಣು ಅಂತ ಹೋದ ವರ್ಷ ಒಂದು ಸಿಮೆಂಟ್ ಚೀಲದಲ್ಲಿ ತುಂಬಿಕೊಂಡು ಬಂದು ಕುಂಡಕ್ಕೆ ಹಾಕಿ ಬದನೆ ನೆಟ್ಟೆ. ನೀರು ಹಾಕಿದರೆ ಅಂಟು, ಬಿಟ್ಟರೆ ಇಟ್ಟಿಗೆ. ಬೇರು ಕೊಳೆತು ಹೋಯಿತು. ಹೊಲದಲ್ಲಿ ಹಿಗ್ಗಿ ಕುಗ್ಗುವುದಕ್ಕೆ ಜಾಗ ಇರುತ್ತದೆ, ಹನ್ನೆರಡು ಇಂಚಿನ ಕುಂಡದಲ್ಲಿ ಎಲ್ಲಿಗೆ ಹೋಗಬೇಕು ಪಾಪ?

ಅಜ್ಜಿ ಹೊಸ ಜಾಗದಲ್ಲಿ ಮೊದಲು ಬಳೆ ಮಾಡುತ್ತಿದ್ದರು. ಮಣ್ಣು ನೆನೆಸಿ, ಮುದ್ದೆ ಕಟ್ಟಿ, ಕೋಡುಬಳೆ ಥರ ಹೊಸೆದು ಸುತ್ತುವುದು. ಬಿರುಕಿಲ್ಲದೆ ಬಳೆ ಬಂದರೆ ಜೇಡಿ ಜಾಸ್ತಿ. ಹೊಸೆಯುವಾಗಲೇ ಉದುರಿದರೆ ಮರಳು. ನಾನು ಆ ಬಳೆಗಳನ್ನು ಒಣಗಿಸಿ ಅಂಗಡಿ ಆಟ ಆಡುತ್ತಿದ್ದೆ.

ಹನ್ನೊಂದು ಗಂಟೆಗೆ ಗಿಡ ಕಿತ್ತು, ಬೇರಿಗೆ ಅಂಟಿದ ಗಾರೆ ತೊಳೆದು, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟೆ. ಗುಂಡಿಯನ್ನು ಎರಡಡಿ ತೋಡಿದೆ. ಮೂರು ಬಾಂಡಲಿ ಕಟ್ಟಡದ ಕಸ ಬಂತು. ಕೆಂಪು ಮಣ್ಣು, ಕೊಳೆತ ಸಗಣಿ ಗೊಬ್ಬರ, ತರಗೆಲೆ ಗೊಬ್ಬರ ಬೆರೆಸಿ ಬಳೆ ಹೊಸೆದು ನೋಡಿದೆ. ಅರ್ಧ ಸುತ್ತು ಬರುವಷ್ಟರಲ್ಲಿ ಬಳೆ ಮುರಿಯಿತು. ತೀರಾ ಜೇಡಿಯೂ ಅಲ್ಲ, ಬರೀ ಮರಳೂ ಅಲ್ಲ. ಸಾಕು. ಗಿಡ ಮತ್ತೆ ನೆಟ್ಟು, ಪಾರ್ಕಿನ ಹೊಂಗೆ ಮರದ ಕೆಳಗೆ ಬಿದ್ದಿದ್ದ ಎಲೆ ಒಂದು ಚೀಲ ತಂದು ಮೇಲೆ ಹೊದಿಸಿದೆ. ಗಿಡ ಈಗ ಬಾಡಿ ತಲೆ ಬಗ್ಗಿಸಿದೆ. ನಾಳೆ ನೋಡಬೇಕು.

ಡಬ್ಬದಲ್ಲಿ ಇನ್ನೂ ಅರ್ಧ ಬೂದಿ ಇದೆ. ಸಿಂಕಿನ ಕೆಳಗೆ ಇಟ್ಟೆ, ದೇವರ ದೀಪ ತಿಕ್ಕುವುದಕ್ಕೆ.